ಡಿಸ್ಕಿನ ಹೆಸರನ್ನು ನಂಬಬೇಡಿ: ತಾನಾಗಿ ನಡೆಯುವ ಲಿನಕ್ಸ್ ಇನ್‌ಸ್ಟಾಲ್

ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಅದು ಕೇಳುವ ಪ್ರಶ್ನೆಗಳು ಗೊತ್ತೇ ಇವೆ: ಭಾಷೆ, ಕೀಬೋರ್ಡ್, ಡಿಸ್ಕ್ ವಿಭಜನೆ, ಬಳಕೆದಾರರ ಹೆಸರು. ಒಂದೇ ಕಂಪ್ಯೂಟರ್ ಆದರೆ ಕುಳಿತು ಉತ್ತರಿಸಬಹುದು. ಮೂವತ್ತಿದ್ದರೆ ಉತ್ತರಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದಿಡಬೇಕು. ಈ ಕಡತವನ್ನು ಡೆಬಿಯನ್‌ನಲ್ಲಿ ಪ್ರಿಸೀಡ್, ರೆಡ್ ಹ್ಯಾಟ್ ಮತ್ತು ಫೆಡೋರಾಗಳಲ್ಲಿ ಕಿಕ್‌ಸ್ಟಾರ್ಟ್, ಉಬುಂಟು ಸರ್ವರ್‌ನಲ್ಲಿ 20.04ರಿಂದೀಚೆಗೆ ಆಟೋಇನ್‌ಸ್ಟಾಲ್ ಎನ್ನುತ್ತಾರೆ. ಕಿಕ್‌ಸ್ಟಾರ್ಟ್ ಕಲಿಯುವವರು ಸೊನ್ನೆಯಿಂದ ಬರೆಯಬೇಕಿಲ್ಲ. ಒಮ್ಮೆ ಕೈಯಾರೆ ಇನ್‌ಸ್ಟಾಲ್ ಮಾಡಿದರೆ, ನೀವು ಕೊಟ್ಟ ಉತ್ತರಗಳೆಲ್ಲ ಸೇರಿದ ಕಡತವೊಂದು ರೂಟ್ ಬಳಕೆದಾರನ ಫೋಲ್ಡರ್‌ನಲ್ಲಿ ತಾನಾಗಿ ಉಳಿದಿರುತ್ತದೆ. ಅದನ್ನೇ ತಿದ್ದಿಕೊಳ್ಳಿ.

ತೊಂದರೆ ಶುರುವಾಗುವುದು ಯಂತ್ರಗಳು ಒಂದೇ ತರಹ ಇಲ್ಲದಿದ್ದಾಗ. ಹಳೆಯ ಬಗೆಯ ಸಂಪರ್ಕವಾದ ಸಾಟಾದ ಮೊದಲ ಡಿಸ್ಕಿಗೆ ಲಿನಕ್ಸ್ ಸಾಮಾನ್ಯವಾಗಿ ಕೊಡುವ ಹೆಸರು ‘ಎಸ್‌ಡಿಎ’. ಹೊಸ, ವೇಗದ ಬಗೆಯಾದ ಎನ್‌ವಿಎಂಇ ಡಿಸ್ಕಿನ ಹೆಸರೇ ಬೇರೆ. ನಾನು ಮೊದಲ ಸಲ ಕಡತದಲ್ಲಿ ‘ಎಸ್‌ಡಿಎ’ ಎಂದೇ ಬರೆದಿದ್ದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಸಲೀಸಾಗಿ ನಡೆಯಿತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಡಿಸ್ಕ್ ಎನ್‌ವಿಎಂಇ ಆಗಿದ್ದರಿಂದ ಆ ಹೆಸರು ನಾನು ಸಿಕ್ಕಿಸಿದ್ದ, ಇನ್‌ಸ್ಟಾಲರ್ ಇದ್ದ ಪೆನ್‌ಡ್ರೈವ್‌ಗೆ ಹೋಗಿತ್ತು. ಇನ್‌ಸ್ಟಾಲರ್ ತಾನು ಕುಳಿತ ಕೊಂಬೆಯನ್ನೇ ಕಡಿಯಲು ಹೊರಟು, ದೋಷ ತೋರಿಸಿ ನಿಂತಿತು. ನಿಂತದ್ದು ಪುಣ್ಯ.

ಆದ್ದರಿಂದ ಹೆಸರಿನ ಬದಲು ಗುಣದಿಂದ ಡಿಸ್ಕನ್ನು ಗುರುತಿಸಬೇಕು. ಉಬುಂಟುವಿನಲ್ಲಿ ‘ಅತಿ ದೊಡ್ಡದು’ ಅಥವಾ ‘ಎಸ್‌ಎಸ್‌ಡಿ ಆಗಿರಲಿ’ ಎಂದು ಷರತ್ತು ಹಾಕಬಹುದು. ಕಿಕ್‌ಸ್ಟಾರ್ಟ್‌ನಲ್ಲಾದರೆ, ಆರಂಭಕ್ಕೆ ಮೊದಲು ಓಡುವ ಪುಟ್ಟ ಸ್ಕ್ರಿಪ್ಟ್ ಡಿಸ್ಕುಗಳನ್ನು ನೋಡಿ, ವಿಭಜನೆಯ ಸಾಲುಗಳನ್ನು ಬೇರೊಂದು ಕಡತಕ್ಕೆ ಬರೆಯುತ್ತದೆ. ಮುಖ್ಯ ಕಡತ ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ‘ಅತಿ ದೊಡ್ಡದು’ ನನಗೆ ಇಷ್ಟವಿಲ್ಲದ ನಿಯಮ. ಯಾರೋ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕೇ ಎಷ್ಟೋ ಸಲ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ! ತೆಗೆಯಬಹುದಾದ ಸಾಧನವೇ ಎಂಬ ಸೂಚಕವೂ ಸಾಲದು, ಅನೇಕ ಯುಎಸ್‌ಬಿ ಹಾರ್ಡ್‌ಡಿಸ್ಕುಗಳು ಅಲ್ಲಿ ‘ಅಲ್ಲ’ ಎನ್ನುತ್ತವೆ. ಯಾವ ಸಂಪರ್ಕದ ಮೂಲಕ ಬಂದಿದೆ ಎಂದು ನೋಡಿ, ಯುಎಸ್‌ಬಿಯನ್ನು ಪಟ್ಟಿಯಿಂದಲೇ ತೆಗೆದುಹಾಕಿ.

ಎರಡನೆಯ ವ್ಯತ್ಯಾಸ ಬಯಾಸ್ ಮತ್ತು ಯುಇಎಫ್‌ಐ, ಅಂದರೆ ಯಂತ್ರವನ್ನು ಶುರುಮಾಡುವ ಹಳೆಯ ಮತ್ತು ಹೊಸ ಫರ್ಮ್‌ವೇರ್. ಪಿಎಕ್ಸ್‌ಇ ಮೂಲಕ ನೆಟ್‌ವರ್ಕ್‌ನಿಂದ ಬೂಟ್ ಆಗುವ ಯಂತ್ರ, ನೆಟ್‌ವರ್ಕ್ ವಿಳಾಸ ಕೇಳುವ ಡಿಎಚ್‌ಸಿಪಿ ಕೋರಿಕೆಯ 93ನೇ ಆಯ್ಕೆಯಲ್ಲಿ ತನ್ನ ಜಾತಿ ಹೇಳಿಕೊಳ್ಳುತ್ತದೆ: 0 ಎಂದರೆ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡಿ ಸರ್ವರ್ ತಕ್ಕ ಬೂಟ್ ಕಡತದ ಹೆಸರು ಕೊಡಬೇಕು. ಯುಇಎಫ್‌ಐಗೆ ಬೇಕಾದ ಪ್ರತ್ಯೇಕ ಬೂಟ್ ವಿಭಾಗವನ್ನು ಕಿಕ್‌ಸ್ಟಾರ್ಟ್‌ನ ‘ರೆಕ್‌ಪಾರ್ಟ್’ ಆದೇಶವೇ ಮಾಡಿಕೊಡುತ್ತದೆ.

ನಿಜವಾದ ಯಂತ್ರ ಮುಟ್ಟುವ ಮೊದಲು, ಕಂಪ್ಯೂಟರನ್ನೇ ಅನುಕರಿಸುವ ತಂತ್ರಾಂಶವಾದ ಕ್ಯೂಇಎಂಯುನಲ್ಲಿ ಸಾಟಾ, ಎನ್‌ವಿಎಂಇ ಎರಡೂ ಬಗೆಯ ಡಿಸ್ಕ್ ಕೊಟ್ಟು ಓಡಿಸಿ. ಜೊತೆಗೊಂದು ಹುಸಿ ಯುಎಸ್‌ಬಿ ಡಿಸ್ಕನ್ನೂ ಸಿಕ್ಕಿಸಿ, ನಿಮ್ಮ ಸ್ಕ್ರಿಪ್ಟ್ ಅದನ್ನು ಮುಟ್ಟದೆ ಬಿಡುತ್ತದೆಯೇ ನೋಡಿ.