ಅಣೆಕಟ್ಟು ಒಡೆಯುವ ಮುನ್ನ ಹೂಳಿನ ಲೆಕ್ಕ

ಕೆಲಸಕ್ಕೆ ಬಾರದ ಹಳೆಯ ಅಣೆಕಟ್ಟನ್ನು ತೆಗೆಯುವಾಗ ಕಾಂಕ್ರೀಟು ಒಡೆಯುವುದೇ ಸುಲಭದ ಭಾಗ. ದಶಕಗಳಿಂದ ಅದರ ಹಿಂದೆ ಕೂತ ಹೂಳನ್ನು ಏನು ಮಾಡುತ್ತೀರಿ ಎಂಬುದರ ಮೇಲೆ ನದಿಯ ಹಣೆಬರಹ ನಿಂತಿದೆ.

ಆದ್ದರಿಂದ ಮೊದಲು ಹೂಳಿಗೆ ಕೊಳವೆ ಇಳಿಸಿ ಮಾದರಿ ತೆಗೆಯಬೇಕು. ಒಟ್ಟು ಎಷ್ಟಿದೆ, ಮರಳೆಷ್ಟು, ಜೇಡಿಯೆಷ್ಟು, ವಿಷ ಸೇರಿದೆಯೇ? ಅಮೆರಿಕದ ಹಡ್ಸನ್ ನದಿಯ ಫೋರ್ಟ್ ಎಡ್ವರ್ಡ್ ಅಣೆಕಟ್ಟನ್ನು 1973ರಲ್ಲಿ ತೆಗೆದಾಗ, ಕಾರ್ಖಾನೆಗಳಿಂದ ಹರಿದುಬಂದ ಪಿಸಿಬಿ ರಾಸಾಯನಿಕ ತುಂಬಿದ್ದ ಹೂಳು ಕೊಚ್ಚಿಕೊಂಡು ಕೆಳಗಿನ ನದಿಗೆ ಹೋಯಿತು. ಅಂಥ ಹೂಳಿದ್ದರೆ ಮೊದಲು ಅದನ್ನು ಅಗೆದು ಸಾಗಿಸಿ, ಆಮೇಲೆ ಗೋಡೆಗೆ ಕೈ ಹಾಕಬೇಕು.

ಶುದ್ಧ ಹೂಳನ್ನು ನದಿಯೇ ಹೊತ್ತೊಯ್ಯಲಿ ಎಂದು ಬಿಡಬಹುದು. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ 33 ಮತ್ತು 64 ಮೀಟರ್ ಎತ್ತರದ ಎರಡು ಅಣೆಕಟ್ಟುಗಳ ಹಿಂದೆ ಸುಮಾರು 2.1 ಕೋಟಿ ಘನ ಮೀಟರ್ ಹೂಳಿತ್ತು. 2011ರಲ್ಲಿ ಶುರುವಾದ ಕೆಲಸ ಮುಗಿದದ್ದು 2014ರಲ್ಲಿ. ಎರಡರಲ್ಲಿ ಎತ್ತರದ್ದಾದ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟಿನ ಗೋಡೆಯನ್ನು ತೇಲುವ ತೆಪ್ಪದ ಮೇಲಿಂದ ಹೈಡ್ರಾಲಿಕ್ ಸುತ್ತಿಗೆಯಲ್ಲಿ ಒಡೆದು ಮೇಲಿನಿಂದ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದರು. ಮಟ್ಟ ತಗ್ಗಿದಂತೆ, ಜಲಾಶಯದ ಮೇಲ್ತುದಿಯಲ್ಲಿ ಕೂತಿದ್ದ ಮರಳುದಿಬ್ಬವನ್ನು ನದಿ ಕೊರೆಯುತ್ತದೆ. ನುಣುಪು ಜೇಡಿ ಗೋಡೆ ದಾಟಿ ಹೋದರೆ, ದಪ್ಪ ಮರಳು ಉಳಿದ ನೀರಿನಲ್ಲೇ ಮತ್ತೆ ಕೂರುತ್ತದೆ. ಅದು ಹರಡಿಕೊಳ್ಳಲು ಸಮಯ ಬೇಕು, ಅದಕ್ಕೇ ನಡುನಡುವೆ ಕೆಲಸ ನಿಲ್ಲಿಸುತ್ತಾರೆ. ಮೀನುಗಳು ನದಿಯಲ್ಲಿರುವ ತಿಂಗಳುಗಳಲ್ಲೂ ನಿಲ್ಲಿಸಲೇಬೇಕು: ಸಾಲ್ಮನ್ ಜಲ್ಲಿಕಲ್ಲಿನ ಸಂದುಗಳಲ್ಲಿ ಮೊಟ್ಟೆ ಹೂಳುತ್ತದೆ, ಜೇಡಿ ಆ ಸಂದುಗಳಲ್ಲಿ ತುಂಬಿದರೆ ಆಮ್ಲಜನಕ ಸಿಗದೆ ಮೊಟ್ಟೆ ಸಾಯುತ್ತದೆ.

ಇಷ್ಟು ಎಚ್ಚರ ವಹಿಸಿದರೂ ಎಲ್ವಾದಲ್ಲಿ ಎಡವಟ್ಟಾಯಿತು. ಕೆಳಗಿದ್ದ ನೀರು ಶುದ್ಧೀಕರಣ ಘಟಕದ ಜಾಲರಿಗಳು ಎಲೆ, ಕಡ್ಡಿ, ಹೂಳಿನಿಂದ ಕಟ್ಟಿಕೊಂಡು, ದುರಸ್ತಿಗಾಗಿ ಒಡೆಯುವ ಕೆಲಸ ಸುಮಾರು ಒಂದು ವರ್ಷ ನಿಂತಿತು. ಘಟಕದ ಸಾಮರ್ಥ್ಯವನ್ನು ಹೂಳಿನ ಜತೆಗೆ ಕಸಕಡ್ಡಿಯನ್ನೂ ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಒರೆಗಾನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹರಿಯುವ ಕ್ಲಾಮತ್ ನದಿಯ ಪಾಠ ಇನ್ನೂ ಕಹಿ. 2024ರಲ್ಲಿ, ತೆಗೆಯಲಾಗುತ್ತಿದ್ದ ಐರನ್ ಗೇಟ್ ಅಣೆಕಟ್ಟಿನ ಮೇಲ್ಭಾಗದ ಹಳ್ಳದಲ್ಲಿ ಬಿಟ್ಟ ಸುಮಾರು 8.3 ಲಕ್ಷ ಚಿನೂಕ್ (ಸಾಲ್ಮನ್‌ನ ಒಂದು ಜಾತಿ) ಮರಿಗಳಲ್ಲಿ ಬಹುಪಾಲು, ಅಣೆಕಟ್ಟಿನ ಬುಡದ ಸುರಂಗ ದಾಟುವಾಗ ಸತ್ತವು. ಒತ್ತಡ ಥಟ್ಟನೆ ಬದಲಾದಾಗ ಮೀನಿನ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತವೆ. ಸುರಂಗ ಇರುವಷ್ಟು ದಿನ ಮರಿಗಳನ್ನು ಅದರ ಕೆಳಗೇ ಬಿಡಬೇಕಿತ್ತು. ಆದರೂ ನದಿ ಕೈಬಿಡಲಿಲ್ಲ: ಅದೇ ವರ್ಷದ ಅಕ್ಟೋಬರಿನಲ್ಲಿ, 1912ರ ನಂತರ ಮೊದಲ ಸಲ, ಚಿನೂಕ್ ಒರೆಗಾನ್ ಭಾಗದ ಕ್ಲಾಮತ್ ಕೊಳ್ಳಕ್ಕೆ ಈಜಿ ಬಂತು.

ನೀರಿಳಿದು ಬಯಲಾದ ನೆಲವನ್ನು ಹಾಗೇ ಬಿಟ್ಟರೆ ಕಳೆ ಆವರಿಸುತ್ತದೆ. ಸ್ಥಳೀಯ ಸಸ್ಯಗಳ ಬೀಜ ಕೂಡಿಸಿ ಬೆಳೆಸುವ ಕೆಲಸ, ಅಣೆಕಟ್ಟಿಗೆ ಮೊದಲ ಏಟು ಬೀಳುವುದಕ್ಕೆ ವರ್ಷಗಳ ಮುಂಚೆಯೇ ಶುರುವಾಗಿರಬೇಕು.