ಮೊದಲ ಭಾನುವಾರವೇ ಇಲ್ಲದ ಕಾಲ

ಹೋದ ವರ್ಷ ಶಿವಮೊಗ್ಗದಲ್ಲಿ ಯುವಜನರ ಬೈಬಲ್ ಕ್ವಿಜ್ ಇತ್ತು. ಒಂದು ಪ್ರಶ್ನೆ: ಸಾಧಾರಣ ಕಾಲದ ಮೊದಲ ಭಾನುವಾರ ಯಾವಾಗ ಬರುತ್ತದೆ? (ಸಾಧಾರಣ ಕಾಲ ಅಂದರೆ ಚರ್ಚಿನ ಪಂಚಾಂಗದಲ್ಲಿ ಕ್ರಿಸ್ಮಸ್, ಈಸ್ಟರ್‌ನಂಥ ದೊಡ್ಡ ಹಬ್ಬಗಳ ಕಾಲಕ್ಕೆ ಸೇರದ ವಾರಗಳು.) ನಾನು ಎಲ್ಲರಿಗಿಂತ ಮೊದಲೇ ಕೈ ಎತ್ತಿ ಒಂದು ತಾರೀಕು ಹೇಳಿಬಿಟ್ಟೆ. ತಪ್ಪು. ಅಂಥ ಭಾನುವಾರವೇ ಇಲ್ಲ! ಸಾಗರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ತಲೆ ಕೊರೆಯುತ್ತಿತ್ತು. ಆಮೇಲೆ ಕೂತು ಓದಿ ಬರೆದುಕೊಂಡದ್ದು ಇದು. ಈ ಸಲ ತಯಾರಿ ಮಾಡುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಎಪಿಫನಿ ಹಬ್ಬ, ಯೇಸು ಲೋಕಕ್ಕೆ ಪ್ರಕಟವಾದದ್ದರ ನೆನಪು. ಗ್ರೀಕ್ ಮಾತು, ಅರ್ಥ ‘ಪ್ರಕಟವಾಗುವುದು’. ತಾರೀಕು ಜನವರಿ 6. ಕಥೋಲಿಕರಲ್ಲಿ ಅನೇಕ ಕಡೆ ಜನವರಿ 2ರಿಂದ 8ರ ಒಳಗಿನ ಭಾನುವಾರಕ್ಕೆ ಆಚರಿಸುತ್ತಾರೆ. ನಮ್ಮ ಮನೆಗಳಲ್ಲಿ ಇದು ಮೂರು ರಾಯರ ಹಬ್ಬ, ನಕ್ಷತ್ರ ನೋಡಿ ಬಾಲಯೇಸುವನ್ನು ಕಾಣಲು ಮೂಡಣದಿಂದ ಬಂದವರ ಹಬ್ಬ. ಆದರೆ ಮತ್ತಾಯನ 2ನೇ ಅಧ್ಯಾಯ ತೆಗೆದು ನೋಡಿ. ‘ಮೂರು’ ಅಂತಲೂ ಇಲ್ಲ, ‘ರಾಯರು’ ಅಂತಲೂ ಇಲ್ಲ. ಕಾಣಿಕೆಗಳು ಮಾತ್ರ ಮೂರು: ಚಿನ್ನ, ಧೂಪ, ರಕ್ತಬೋಳ. ಹಳೆಯ ಕನ್ನಡ ಬೈಬಲ್ ಅವರನ್ನು ‘ಜೋಯಿಸರು’ ಎನ್ನುತ್ತದೆ. ಪಕ್ಕದ ಬೀದಿಯಲ್ಲೇ ಜೋಯಿಸರ ಮನೆ ಇರುವ ನಮ್ಮೂರಿನ ಮಕ್ಕಳಿಗೆ ಇದನ್ನು ಓದಿ ಹೇಳಿದರೆ ಕಣ್ಣರಳಿಸುತ್ತಾರೆ. ಬೈಬಲಿನ ಆ ಜೋಯಿಸರು ಬಂದದ್ದು ಕೊಟ್ಟಿಗೆಗಲ್ಲ, ಮನೆಗೆ. ಇದೂ ಕ್ವಿಜ್‌ಗೆ ಬರುವಂಥದ್ದೇ.

ಈಗ ನಾನು ಎಡವಿದ ಜಾಗ. ಎಪಿಫನಿ ಆದಮೇಲೆ ಪ್ರಭುವಿನ ದೀಕ್ಷಾಸ್ನಾನದ ಹಬ್ಬ. ಅದು ಸಾಮಾನ್ಯವಾಗಿ ಮುಂದಿನ ಭಾನುವಾರ. ಮಾರನೇ ದಿನದಿಂದ ಸಾಧಾರಣ ಕಾಲದ ಮೊದಲ ವಾರ ಶುರು. ಆ ವಾರದ ಭಾನುವಾರವನ್ನು ಹಬ್ಬವೇ ತೆಗೆದುಕೊಂಡಿತಲ್ಲ, ಹಾಗಾಗಿ ನಮಗೆ ಸಿಗುವುದು ನೇರ ಎರಡನೇ ಭಾನುವಾರ. ಬಿಳಿ ಪೂಜಾವಸ್ತ್ರ ಹೋಗಿ ಹಸಿರು ಬರುತ್ತದೆ. 1969ಕ್ಕಿಂತ ಮುಂಚೆ ಇವಕ್ಕೆ ‘ಎಪಿಫನಿಯ ನಂತರದ ಭಾನುವಾರಗಳು’ ಎಂದೇ ಹೆಸರಿತ್ತು. ಆ ವರ್ಷ ರೋಮಿನ ಪಂಚಾಂಗ ತಿದ್ದಿದಾಗ ಹೆಸರು ಬದಲಾಯಿತು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಥರದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಳೆಯ ಲೆಕ್ಕ ಈಗಲೂ ಕೇಳಸಿಗುತ್ತದೆ. ‘ಸಾಧಾರಣ’ ಅನ್ನುವ ಮಾತು ನಮ್ಮ ದಾರಿ ತಪ್ಪಿಸುತ್ತದೆ ಅಂತ ನನ್ನ ಅನಿಸಿಕೆ. ಲ್ಯಾಟಿನ್ ಹೆಸರಿನ ಅರ್ಥ ‘ವರ್ಷದುದ್ದದ ಕಾಲ’. ಒಂದು, ಎರಡು ಅಂತ ಎಣಿಸಿಕೊಂಡು ಹೋಗುವ ವಾರಗಳು, ಅಷ್ಟೇ. ಸಪ್ಪೆ ಕಾಲ ಅಂತಲ್ಲ.

ಈ ಎಣಿಕೆ ಎಲ್ಲಿಗೆ ನಿಲ್ಲುತ್ತದೆ? ಬೂದಿ ಬುಧವಾರದ ಹಿಂದಿನ ದಿನ. ಬೂದಿ ಬುಧವಾರ ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ತಪಸ್ಸು ಕಾಲ ಶುರುವಾಗುವ ದಿನ. ಅದನ್ನು ಗೊತ್ತು ಮಾಡುವುದು ಈಸ್ಟರ್. ಈಸ್ಟರ್‌ಗೋ ಚಂದ್ರನ ಲೆಕ್ಕ: ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಹಾಗಾಗಿ ಈ ಕಾಲ ರಬ್ಬರ್ ಥರ ಹಿಗ್ಗುತ್ತದೆ, ಕುಗ್ಗುತ್ತದೆ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಇತ್ತು, ತಪಸ್ಸು ಕಾಲಕ್ಕೆ ಮುಂಚೆ 8ನೇ ಭಾನುವಾರದ ತನಕ ಹೋದೆವು. 2027ರಲ್ಲಿ ಮಾರ್ಚ್ 28ಕ್ಕೇ ಈಸ್ಟರ್, 5ನೇ ಭಾನುವಾರಕ್ಕೇ ಮುಗಿಯುತ್ತದೆ. ಮಿಕ್ಕ ವಾರಗಳು ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬ ಆದಮೇಲೆ ಮುಂದುವರಿಯುತ್ತವೆ.

ಯುಗಾದಿ ದಿನ ಊರಲ್ಲಿ ಪಂಚಾಂಗ ಓದುತ್ತಾರಲ್ವಾ? ಚರ್ಚಿನಲ್ಲೂ ಅಂಥದೊಂದಿದೆ. ಎಪಿಫನಿ ದಿನ ಶುಭಸಂದೇಶ ಓದಿದ ಮೇಲೆ ಆ ವರ್ಷದ ಬೂದಿ ಬುಧವಾರ, ಈಸ್ಟರ್, ಪೆಂತೆಕೋಸ್ತ್ ತಾರೀಕುಗಳನ್ನು ರಾಗವಾಗಿ ಸಾರುವುದು. ಮನೆಮನೆಗೆ ಕ್ಯಾಲೆಂಡರ್ ಇಲ್ಲದ ಕಾಲದ ಪದ್ಧತಿ. ಎಲ್ಲ ಕಡೆ ಮಾಡುವುದಿಲ್ಲ, ಆದರೆ ಪೂಜಾಗ್ರಂಥದಲ್ಲಿ ಈಗಲೂ ಇದೆ.

ಇನ್ನು ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಎರಡನೇ ಭಾನುವಾರಕ್ಕೆ ಮೂರೂ ವರ್ಷದ ಚಕ್ರದಲ್ಲಿ ಯೊವಾನ್ನನ ಶುಭಸಂದೇಶವೇ. ಒಂದು ವರ್ಷ ‘ಇಗೋ, ದೇವರ ಕುರಿಮರಿ’, ಇನ್ನೊಂದು ವರ್ಷ ಮೊದಲ ಶಿಷ್ಯರು, ಮೂರನೇ ವರ್ಷ ಕಾನಾ ಊರಿನ ಮದುವೆ. ಹಳೆಯ ಕಾಲದಿಂದಲೂ ಜೋಯಿಸರು, ದೀಕ್ಷಾಸ್ನಾನ, ಕಾನಾ ಮೂರನ್ನೂ ಒಂದೇ ಪ್ರಕಟಣೆಯ ಮೂರು ಮುಖ ಅಂತ ಧ್ಯಾನಿಸುತ್ತಾ ಬಂದಿದ್ದಾರೆ.

ಕಾನಾದ ಹತ್ತಿರ ಸ್ವಲ್ಪ ನಿಲ್ಲೋಣ. ಎರಡನೇ ಪಂಕ್ತಿ ಕೂತಾಗ ಸಾರು ಮುಗಿದರೆ ಮದುವೆ ಮನೆಯವರ ಮುಖ ಹೇಗಾಗುತ್ತದೆ ಗೊತ್ತಲ್ಲ. ಅಲ್ಲಿ ಮುಗಿದದ್ದು ದ್ರಾಕ್ಷಾರಸ. ಯೇಸು ಬಾನಿಗಳಿಗೆ ನೀರು ತುಂಬಿಸಲು ಹೇಳಿದ, ಆ ನೀರೇ ದ್ರಾಕ್ಷಾರಸವಾಯಿತು. ಕಲ್ಲಿನ ಬಾನಿಗಳು ಆರು. ಒಂದೊಂದರಲ್ಲಿ ಇವತ್ತಿನ ಲೆಕ್ಕಕ್ಕೆ ಹೆಚ್ಚುಕಡಿಮೆ 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಬಾವಿಯಿಂದ ಸೇದಿ ಬಚ್ಚಲ ಹಂಡೆ ತುಂಬಿಸಿದವರಿಗೆ ಆರು ಬಾನಿ ಅಂಚಿನ ತನಕ ತುಂಬಿಸುವುದು ಅಂದರೆ ಏನು ಅಂತ ಅಂದಾಜು ಸಿಗುತ್ತದೆ. ಯೊವಾನ್ನನ 2ನೇ ಅಧ್ಯಾಯದ 9ನೇ ವಚನ ನೋಡಿ. ರುಚಿ ನೋಡಿದ ಔತಣದ ಮೇಲ್ವಿಚಾರಕನಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ನೀರು ತೋಡಿಕೊಟ್ಟ ಆಳುಗಳಿಗೆ ಗೊತ್ತು. ಜನವರಿಯಲ್ಲಿ ನಮ್ಮ ಕಡೆ ಅಡಿಕೆ ಕೆಲಸ ಇನ್ನೂ ಮುಗಿದಿರುವುದಿಲ್ಲ. ರಾತ್ರಿ ಸುಲಿದು ಬೆಳಿಗ್ಗೆ ಪೂಜೆಗೆ ಬಂದವರು ಪರಮಪ್ರಸಾದಕ್ಕೆ ಕೈ ಚಾಚಿದರೆ ಬೆರಳ ತುದಿಯೆಲ್ಲ ಕಪ್ಪು ಕಲೆ. ಆ ವಚನ ಓದುವಾಗ ನನಗೆ ಆ ಕೈಗಳೇ ಕಾಣುತ್ತವೆ.

ಜನವರಿ 18ರಿಂದ 25 ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. 1908ರಲ್ಲಿ ಅಮೆರಿಕದಲ್ಲಿ ಪಾಲ್ ವಾಟ್ಸನ್ ಎಂಬ ಪಾದ್ರಿ ಶುರು ಮಾಡಿದ್ದು. ಕೊನೆಯ ದಿನ ಸಂತ ಪೌಲರ ಪರಿವರ್ತನೆಯ ಹಬ್ಬ. ಎರಡೂ ತಾರೀಕು ನೆನಪಿಟ್ಟುಕೊಳ್ಳಿ, ಸಾಕು.

ಫೆಬ್ರವರಿ 2 ಮಾತ್ರ ಬಿಡಬೇಡಿ. ಬಾಲಯೇಸುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಅರ್ಪಿಸಿದ ದಿನ. ಡಿಸೆಂಬರ್ 25ನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ 40. ಮೋಶೆಯ ಕಟ್ಟಳೆಯಲ್ಲಿ ಗಂಡುಮಗು ಹೆತ್ತ ತಾಯಿಯ ಶುದ್ಧೀಕರಣಕ್ಕೆ ಅಷ್ಟು ದಿನ. ನಮ್ಮ ಬಾಣಂತನದ ಲೆಕ್ಕ ನೆನಪಾಗುತ್ತದೆ. ಅಲ್ಲಿ ಮುದುಕ ಸಿಮೆಯೋನ ಮಗುವನ್ನು ತೋಳಿಗೆ ತೆಗೆದುಕೊಂಡು, ಎಲ್ಲ ಜನಾಂಗಗಳಿಗೂ ಬೆಳಕು ಇವನೇ ಎಂದು ಹಾಡಿದ. ಗುರುಗಳು, ಕನ್ಯಾಸ್ತ್ರೀಯರು ದಿನಾ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಹೇಳುವುದು ಇದೇ ಹಾಡು. ಬೆಳಕಿನ ಮಾತು ಬಂದದ್ದಕ್ಕೇ ಆ ದಿನ ಮೇಣದಬತ್ತಿ ಆಶೀರ್ವದಿಸಿ ಕೊಡುತ್ತಾರೆ.

ನಮ್ಮಜ್ಜಿ ಆ ಬತ್ತಿಯನ್ನು ಹಳೇ ಹಾರ್ಲಿಕ್ಸ್ ಡಬ್ಬದಲ್ಲಿ ಇಡುತ್ತಿದ್ದರು. ಕರೆಂಟ್ ಹೋದರೆ ಅದನ್ನು ಮುಟ್ಟುವ ಹಾಗಿಲ್ಲ, ಅದಕ್ಕೆ ಅಂಗಡಿ ಬತ್ತಿ ಬೇರೆ. ಏಪ್ರಿಲ್‌ನ ಗುಡುಗು ಮಳೆಗೆ ಹೆಂಚು ಅಲುಗತೊಡಗಿದಾಗ ಮಾತ್ರ ಡಬ್ಬ ಕೆಳಗಿಳಿಯುತ್ತಿತ್ತು. ಬತ್ತಿ ಹಚ್ಚಿ ಜಪಸರ ಹಿಡಿಯುತ್ತಿದ್ದರು. ಸಿಡಿಲು ದೂರವಾದ ಕೂಡಲೇ ಊದಿ ಆರಿಸಿ, ಎಷ್ಟು ಉಳಿದಿದೆ ಅಂತ ಬೆರಳಲ್ಲಿ ಅಳೆದು ವಾಪಸ್ ಇಡುತ್ತಿದ್ದರು. ಮುಂದಿನ ಫೆಬ್ರವರಿ ತನಕ ಬರಬೇಕಲ್ಲ.