ಬುಷ್ ಫ್ಲೈಯಿಂಗ್: ಕಾಡಿನ ನದಿಯೂರಿಗೆ ಹಾರುವ ಲೆಕ್ಕ

ಕಂಟ್ರೋಲ್ ಟವರ್, ಡಾಂಬರು ರನ್‌ವೇ, ದೀಪ, ಹವಾಮಾನ ವರದಿ ಯಾವುದೂ ಇಲ್ಲದ ಕಡೆ ಸಣ್ಣ ವಿಮಾನ ಇಳಿಸಿ ಏರಿಸುವ ಕಸುಬಿಗೆ ಬುಷ್ ಫ್ಲೈಯಿಂಗ್ ಎನ್ನುತ್ತಾರೆ. ಅಲಾಸ್ಕ, ಕೆನಡಾಗಳಲ್ಲಿ ಬೆಳೆದ ಈ ಕೆಲಸವನ್ನು ಎರಡನೇ ಮಹಾಯುದ್ಧದ ನಂತರ ಕ್ರೈಸ್ತ ಮಿಷನ್‌ಗಳು ಅಮೆಜಾನ್, ನ್ಯೂಗಿನಿಯ ಮಳೆಕಾಡುಗಳಲ್ಲಿ ದೊಡ್ಡದಾಗಿ ಬಳಸತೊಡಗಿದವು. ಇಂಥ ಸಂಸ್ಥೆಗಳಲ್ಲಿ ಹೆಸರಾದ ಮಿಷನ್ ಏವಿಯೇಷನ್ ಫೆಲೋಶಿಪ್ 1945ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದರ ಮೊದಲ ಪೈಲಟ್ ಬೆಟ್ಟಿ ಗ್ರೀನ್ ಎಂಬ ಮಹಿಳೆ. ದೋಣಿಗೆ ದಿನಗಟ್ಟಲೆ ಹಿಡಿಯುವ ದಾರಿ ವಿಮಾನಕ್ಕೆ ಅರ್ಧ, ಮುಕ್ಕಾಲು ಗಂಟೆ. ಹಾವು ಕಚ್ಚಿದವರಿಗೂ ಹೆರಿಗೆ ಕಷ್ಟವಾದವರಿಗೂ ಈ ವ್ಯತ್ಯಾಸವೇ ಜೀವ.

ಧೈರ್ಯವಂತರ ಸಾಹಸ ಎಂದು ಇದನ್ನು ಹೊಗಳುವವರು ಬಹಳ. ಆದರೆ ಕೆಲಸದ ಬಹುಪಾಲು ನಡೆಯುವುದು ನೆಲದ ಮೇಲೆ, ತಕ್ಕಡಿಯ ಮುಂದೆ. ಸೆಸ್ನಾ 206 ವಿಮಾನ ಏರುವಾಗ ಒಟ್ಟು ತೂಕ 1,633 ಕಿಲೋ ಮೀರುವಂತಿಲ್ಲ. ಖಾಲಿ ವಿಮಾನವೇ ಸುಮಾರು 1,000 ಕಿಲೋ ಎಂದಿಟ್ಟುಕೊಳ್ಳಿ. ಪೈಲಟ್ 80. ಪೆಟ್ರೋಲ್ ಲೀಟರಿಗೆ 0.72 ಕಿಲೋದಂತೆ 200 ಲೀಟರಿಗೆ 144. ಉಳಿದದ್ದು 409 ಕಿಲೋ. ಪ್ರಯಾಣಿಕರು, ಔಷಧಿ, ಅಕ್ಕಿ, ಛಾವಣಿಯ ತಗಡು ಎಲ್ಲವೂ ಅದರೊಳಗೇ. ಅದಕ್ಕೇ ಮೂಟೆಯ ಜೊತೆ ಮನುಷ್ಯರನ್ನೂ ತಕ್ಕಡಿಗೆ ಹತ್ತಿಸುತ್ತಾರೆ. ಭಾರವೆಲ್ಲ ಹಿಂದಕ್ಕೆ ಬಿದ್ದರೆ ಮೂಗು ಮೇಲೆದ್ದು ವಿಮಾನ ಹತೋಟಿ ತಪ್ಪುತ್ತದೆ. ಆದ್ದರಿಂದ ಸರಕನ್ನು ಎಲ್ಲಿಡಬೇಕೆಂಬುದಕ್ಕೂ ಲೆಕ್ಕವಿದೆ, ಇಟ್ಟದ್ದು ಜರುಗದಂತೆ ಬಲೆ ಹಾಕಿ ಬಿಗಿಯುತ್ತಾರೆ.

ಇನ್ನೊಂದು ಲೆಕ್ಕ ಬಿಸಿಲಿನದು. ಗಾಳಿ ಕಾದಷ್ಟೂ ತೆಳುವಾಗುತ್ತದೆ; ತೆಳುಗಾಳಿಯಲ್ಲಿ ಎಂಜಿನ್, ಪ್ರೊಪೆಲರ್, ರೆಕ್ಕೆ ಮೂರೂ ಸೊರಗುತ್ತವೆ. ಇದನ್ನು ಎತ್ತರದ ಭಾಷೆಯಲ್ಲಿ ಹೇಳುವುದೇ ಡೆನ್ಸಿಟಿ ಆಲ್ಟಿಟ್ಯೂಡ್. ನಮ್ಮ ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಎತ್ತರ ಸುಮಾರು 2,400 ಅಡಿ. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿ ಇಳಿಕೆ ಎಂಬ ಪ್ರಮಾಣದಲ್ಲಿ ಅಲ್ಲಿ 10 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 36 ಇದ್ದರೆ ಹೆಚ್ಚಾದದ್ದು 26. ಡಿಗ್ರಿಗೆ 120 ಅಡಿಯಂತೆ ಕೂಡಿದರೆ ವಿಮಾನದ ಪಾಲಿಗೆ ಮಂಡಕಳ್ಳಿ 5,500 ಅಡಿ ಎತ್ತರದಲ್ಲಿದೆ! ಡಾಂಬರು ಉದ್ದಕ್ಕಿರುವುದರಿಂದ ಅಲ್ಲಿ ಸಣ್ಣ ವಿಮಾನಕ್ಕೆ ತೊಂದರೆಯಿಲ್ಲ. ಕಾಡಿನ ಹುಲ್ಲುಪಟ್ಟಿಯಲ್ಲಿ ಆ ನೆಮ್ಮದಿಯಿಲ್ಲ.

ಅಲ್ಲಿ ಅಡಚಣೆಗಳು ಕೂಡುವುದಿಲ್ಲ, ಗುಣಿಸುತ್ತವೆ. ಒಣ, ಗಟ್ಟಿ ನೆಲದಲ್ಲಿ 300 ಮೀಟರ್ ಓಡಿ ಏರುವ ವಿಮಾನ ಎನ್ನೋಣ. ಭಾರ ನೂರಕ್ಕೆ ಹತ್ತು ಹೆಚ್ಚಾದರೆ 1.2 ಪಟ್ಟು, ಒದ್ದೆ ಹುಲ್ಲಿಗೆ 1.3, ಮೆತ್ತನೆ ನೆಲಕ್ಕೆ 1.25. ಮೂರೂ ಸೇರಿದರೆ 585 ಮೀಟರ್. ಪಟ್ಟಿ 500 ಮೀಟರ್ ಇದ್ದು ತುದಿಯಲ್ಲಿ ಮರಗಳಿದ್ದರೆ ಹೊರಡುವ ಮಾತೇ ಇಲ್ಲ: ಸಾಕಷ್ಟು ಭಾರ ಇಳಿಸಬೇಕು, ಇಲ್ಲವೇ ನೆಲ ಆರುವವರೆಗೆ ಕಾಯಬೇಕು. ಲೆಕ್ಕ ಸರಿಯಿದ್ದರೂ ಇನ್ನೊಂದು ಕಟ್ಟುಪಾಡಿದೆ. ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ಏರುವ ವೇಗದ ಶೇ. 70 ಬರದಿದ್ದರೆ ಅಲ್ಲೇ ನಿಲ್ಲಿಸುವುದು. ಇನ್ನೊಂಚೂರು ನೋಡೋಣ ಅನ್ನಿಸುವ ಗಳಿಗೆಯೇ ಅಪಾಯದ್ದು.

ಪಟ್ಟಿ ಕಡಿಯಲು ಜಾಗವಿಲ್ಲದ ಊರಿಗೆ ನದಿಯೇ ರನ್‌ವೇ. ಗಾಲಿಯ ಬದಲು ಫ್ಲೋಟ್, ಅಂದರೆ ನೀರಲ್ಲಿ ತೇಲುವ ಟೊಳ್ಳು ದೋಣಿಯಂಥ ಪಾದ, ಕಟ್ಟಿದ ವಿಮಾನ ಬೇಕು. ಮೊದಲು ಮೇಲಿಂದ ಒಂದು ಸುತ್ತು, ತೇಲುವ ಮರದ ದಿಮ್ಮಿ ಹುಡುಕಲು. ಮಳೆ ಬಂದ ಮರುದಿನ ದಿಮ್ಮಿಗಳು ಜಾಸ್ತಿ, ನೀರಿನ ಬಣ್ಣದ್ದೇ ಆದ್ದರಿಂದ ಕಾಣುವುದೂ ಕಷ್ಟ. ಅಲೆಗಿಂತ ಹೆಚ್ಚು ಮೋಸ ಮಾಡುವುದು ಅಲೆಯಿಲ್ಲದ ನೀರು. ಗಾಳಿಯಾಡದ ಬೆಳಗಿನಲ್ಲಿ ಕೆಆರ್‌ಎಸ್ ಹಿನ್ನೀರನ್ನು ನೋಡಿದವರಿಗೆ ಗೊತ್ತು: ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೆಂದು ಹೇಳಲಾಗದು. ಪೈಲಟ್‌ಗೂ ನೀರು ಹತ್ತು ಅಡಿ ಕೆಳಗಿದೆಯೋ ನಲವತ್ತೋ ತಿಳಿಯುವುದಿಲ್ಲ. ಹಾಗಾಗಿ ಕಣ್ಣಳತೆ ನಂಬದೆ ದಡದ ಪಕ್ಕಕ್ಕೆ ಬಂದು, ಮೂಗು ತುಸು ಎತ್ತಿ, ಎಂಜಿನ್ ಹಿಡಿತದಲ್ಲೇ ನಿಮಿಷಕ್ಕೆ ಸುಮಾರು 150 ಅಡಿಯಂತೆ ಇಳಿಯುತ್ತಾ ನೀರು ತಾನಾಗಿ ತಾಗುವವರೆಗೆ ಬಿಡುತ್ತಾರೆ. ಬೆಳಿಗ್ಗೆ ಹೊರಡುವ ಮುನ್ನ ಫ್ಲೋಟಿನ ಒಂದೊಂದು ಕೋಣೆಗೂ ಪಂಪ್ ಹಾಕಿ ಸೋರಿದ ನೀರು ತೆಗೆಯುವುದು ಬಿಡುವಂತಿಲ್ಲ. ಒಳಗಿನ ನೀರು ತಕ್ಕಡಿಗೆ ಸಿಗದ ಭಾರ.

ಇಂಧನದಲ್ಲೂ ನೀರಿನ ಕಾಟವೇ. 200 ಲೀಟರಿನ ಡ್ರಮ್ಮು ಮಳೆಯಲ್ಲಿ ನೆಟ್ಟಗೆ ನಿಂತರೆ ಮುಚ್ಚಳದ ಸುತ್ತ ನೀರು ಮಡುಗಟ್ಟಿ ಒಳಗಿಳಿಯುತ್ತದೆ, ಮಲಗಿಸಿ ಇಡಬೇಕು. ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಬಿಟ್ಟು ನೋಡಿದರೆ ತಿಳಿನೀಲಿ ಪೆಟ್ರೋಲಿನ ಅಡಿಯಲ್ಲಿ ನೀರು ಮಣಿಯಂತೆ ಕೂರುತ್ತದೆ. ಲೋಟದ ತುಂಬ ಬರೀ ನೀರೇ ಬಂದಿದ್ದರೆ ಮಣಿ ಕಾಣದು, ಎಲ್ಲಾ ಒಂದೇ ಬಣ್ಣ. ಹಾಗಾಗಿ ಬಿಳಿಯದರ ಮುಂದೆ ಹಿಡಿದು ನೀಲಿ ಇದೆಯೇ ಎಂದು ನೋಡಬೇಕು, ಮೂಸಲೂಬೇಕು.

ಈ ವಿಮಾನಗಳ ಚರಿತ್ರೆಯಲ್ಲಿ ಕಹಿಯೂ ಇದೆ, ಅದನ್ನು ಬಿಟ್ಟು ಬುಷ್ ಫ್ಲೈಯಿಂಗ್ ಎಂಬ ಪದದ ಅರ್ಥ ಹೇಳಬಾರದು. 1955ರಲ್ಲಿ ಈಕ್ವೆಡಾರಿನಲ್ಲಿ ನೇಟ್ ಸೇಂಟ್ ಎಂಬ ಮಿಷನ್ ಪೈಲಟ್ ಸುತ್ತು ಹಾಕುತ್ತಲೇ ಉದ್ದ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟು ಅಲ್ಲಿನ ಕಾಡಿನ ವೊರಾನಿ ಬುಡಕಟ್ಟಿನ ಜನರಿಗೆ ಉಡುಗೊರೆ ಕೊಡುತ್ತಿದ್ದರು. ಸುತ್ತಿನ ನಡುವೆ ಬಕೆಟ್ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಮರುವರ್ಷ ಜನವರಿ 8ರಂದು ಕುರಾರೈ ನದಿಯ ಮರಳದಂಡೆಯಲ್ಲಿ ಅವರೂ ನಾಲ್ವರು ಜೊತೆಗಾರರೂ ವೊರಾನಿಗಳ ಈಟಿಗೆ ಸತ್ತರು. ಹೊರಗಿನವರ ಸಂಪರ್ಕವಿಲ್ಲದ ಜನಕ್ಕೆ ಫ್ಲೂ, ದಡಾರಗಳೇ ಮಾರಕ. ಅಂಥವರನ್ನು ಹುಡುಕಿ ಹೋಗಬಾರದೆಂಬ ನೀತಿಯನ್ನು ಬ್ರೆಜಿಲ್ 1987ರಿಂದ ಪಾಲಿಸುತ್ತಿದೆ. ಆ ನೀತಿ ಸರಿ. ಕರೆಯುವ ಊರಿಗೆ ಹೋಗುವುದು ಬೇರೆ, ಕರೆಯದಲ್ಲಿಗೆ ಇಳಿಯುವುದು ಬೇರೆ.